ಬೈಕ್ ಅಪಘಾತದ ಪರಿಹಾರ: ವಕೀಲರ ಬಳಿ ಹೋಗುವ ಮೊದಲೇ ಉಳಿಸಿಕೊಳ್ಳಬೇಕಾದ್ದು

ಪರಿಹಾರದ ಕೇಸಿಗೆ ಬೇಕಾದ ಸಾಕ್ಷ್ಯದ ಬಹುಪಾಲು ಮೊದಲ ಹತ್ತು ಹದಿನೈದು ದಿನಗಳಲ್ಲೇ ಅಳಿದುಹೋಗುತ್ತದೆ. ಆ ದಿನಗಳಲ್ಲಿ ಸವಾರ ಹಾಸಿಗೆ ಹಿಡಿದಿರುತ್ತಾನೆ. ಹಾಗಾಗಿ ಕೆಳಗಿನ ಕೆಲಸಗಳಲ್ಲಿ ಅರ್ಧದಷ್ಟನ್ನು ಮನೆಯವರೋ ಸ್ನೇಹಿತರೋ ಮಾಡಬೇಕಾಗುತ್ತದೆ.

ಆಸ್ಪತ್ರೆಯ ಮೊದಲ ಚೀಟಿ

ತುರ್ತು ಚಿಕಿತ್ಸಾ ವಿಭಾಗದಲ್ಲಿ ಬರೆದ ಮೊದಲ ಟಿಪ್ಪಣಿಯ ನಕಲು ತೆಗೆದುಕೊಂಡು, ‘ಗಾಯ ಹೇಗಾಯಿತು’ ಎಂಬಲ್ಲಿ ಏನಿದೆ ಓದಿ. ಗಾಯಾಳುವಿಗೆ ಮಾತಾಡುವ ಸ್ಥಿತಿ ಇರುವುದಿಲ್ಲ, ಕರೆತಂದ ದಾರಿಹೋಕರು ಡಿಕ್ಕಿ ನೋಡಿರುವುದಿಲ್ಲ. ‘ಬೈಕಿನಿಂದ ಬಿದ್ದಿದ್ದಾರೆ’ ಎನ್ನುತ್ತಾರೆ, ಡ್ಯೂಟಿ ಡಾಕ್ಟರು ಹಾಗೇ ಬರೆದುಕೊಳ್ಳುತ್ತಾರೆ. ವರ್ಷ ಕಳೆದ ಮೇಲೆ ಎದುರು ವಕೀಲರು ಇದೊಂದೇ ಸಾಲು ಹಿಡಿದು, ಕಾರು ತಗುಲಲೇ ಇಲ್ಲ, ಸವಾರ ತಾನಾಗಿ ಜಾರಿ ಬಿದ್ದ ಎಂದು ವಾದಿಸುತ್ತಾರೆ. ಇಂಥ ಸಾಲು ಕಂಡರೆ ನಿಜವಾಗಿ ನಡೆದದ್ದನ್ನು ಬರೆದು ಆಸ್ಪತ್ರೆಗೆ ಮನವಿ ಕೊಡಿ, ನಿಮ್ಮ ಪ್ರತಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಹಳೆಯ ಸಾಲನ್ನು ಅಳಿಸಲು ಹೇಳಬೇಡಿ. ಹೊಸ ದಿನಾಂಕ ಹಾಕಿ ಕೆಳಗೆ ಸೇರಿಸಲಿ. ಒತ್ತಿ ತಿದ್ದಿದ ದಾಖಲೆ ತಪ್ಪು ದಾಖಲೆಗಿಂತ ಹೆಚ್ಚು ತೊಂದರೆ ಕೊಡುತ್ತದೆ.

ಸಣ್ಣ ನೋವುಗಳನ್ನೂ ಬರೆಸಿ. ತೊಡೆಮೂಳೆ ಮುರಿದವರಿಗೆ ಮಣಿಕಟ್ಟಿನ ನೋವು ನೆನಪಿಗೇ ಬರುವುದಿಲ್ಲ. ಬೀಳುವಾಗ ಅಂಗೈ ಊರಿದ್ದರೆ ಹೆಬ್ಬೆರಳ ಬುಡದ ಸ್ಕ್ಯಾಫಾಯ್ಡ್ ಎಂಬ ಪುಟ್ಟ ಮೂಳೆ ಬಿರುಕು ಬಿಟ್ಟಿರಬಹುದು. ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದ ಈ ಬಿರುಕು 10ರಿಂದ 14 ದಿನ ಬಿಟ್ಟು ತೆಗೆದದ್ದರಲ್ಲಿ ಕಾಣುವುದುಂಟು. ಮೊದಲ ಚೀಟಿಯಲ್ಲಿ ‘ಮಣಿಕಟ್ಟು ನೋವು’ ಎಂಬ ಎರಡು ಪದವಿದ್ದರೆ, ಅದು ಇದೇ ಅಪಘಾತದ ಪೆಟ್ಟು ಎನ್ನಲು ಆಧಾರ ಸಿಗುತ್ತದೆ.

ಹೆಲ್ಮೆಟ್, ಬೈಕು, ರಸ್ತೆ

ಹೆಲ್ಮೆಟ್ ತೊಳೆಯಬೇಡಿ, ಎಸೆಯಬೇಡಿ. ರಕ್ತ ಆರಿದ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ದಿನಾಂಕ ಬರೆಯಿರಿ. ಚಿಪ್ಪಿನ ಮೇಲಿನ ಗೀರುಗಳು, ಒಳಗಿನ ಥರ್ಮೋಕೋಲಿನಂಥ ಪದರ ಜಜ್ಜಿಹೋದ ಜಾಗ, ಇವು ಪೆಟ್ಟು ಯಾವ ಕಡೆಯಿಂದ ಬಿತ್ತೆಂದು ಹೇಳುತ್ತವೆ. ಅದಕ್ಕಿಂತ ಮುಖ್ಯ ಗದ್ದದ ಪಟ್ಟಿ. ಆಂಬುಲೆನ್ಸಿನವರು ಅದನ್ನು ಕತ್ತರಿಯಿಂದ ಕತ್ತರಿಸಿದ್ದು, ಬಕಲ್ ಇನ್ನೂ ಲಾಕ್ ಆಗಿಯೇ ಇದ್ದರೆ, ಪಟ್ಟಿ ಹಾಕಿಕೊಂಡಿದ್ದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಇದು ಸಣ್ಣ ಸಂಗತಿಯಲ್ಲ. ಇಂಗ್ಲೆಂಡಿನ 1989ರ ಕ್ಯಾಪ್ಸ್ ವಿರುದ್ಧ ಮಿಲ್ಲರ್ ಪ್ರಕರಣದಲ್ಲಿ ಹೆಲ್ಮೆಟ್ ಇದ್ದೂ ಪಟ್ಟಿ ಬಿಗಿಯದ ಸವಾರನ ಪರಿಹಾರದಲ್ಲಿ ಶೇ. 10 ಕಡಿತವಾಯಿತು.

ಬೈಕನ್ನು ರಿಪೇರಿಗೆ ಬಿಡುವ, ಗುಜರಿಗೆ ಹಾಕುವ ಆತುರ ಬೇಡ. ಅದು ಗ್ಯಾರೇಜಿನಲ್ಲೋ ವಿಮಾ ಕಂಪನಿಯ ಯಾರ್ಡಿನಲ್ಲೋ ಇದ್ದರೆ, ‘ತಪಾಸಣೆ ಮುಗಿಯುವವರೆಗೆ ಯಾವ ಭಾಗವನ್ನೂ ಬಿಚ್ಚಬಾರದು’ ಎಂದು ಬರಹದಲ್ಲಿ ತಿಳಿಸಿ. ಹಳೆಯ ಮಾದರಿಯ ಬಲ್ಬಿನ ಹೆಡ್‌ಲೈಟು ಡಿಕ್ಕಿಯ ಹೊತ್ತಿಗೆ ಉರಿಯುತ್ತಿದ್ದರೆ, ಕಾದ ತಂತಿ ಹೊಡೆತಕ್ಕೆ ಎಳೆದುಕೊಂಡು ಸೊಟ್ಟಗಾಗಿರುತ್ತದೆ. ‘ಲೈಟ್ ಹಾಕಿರಲಿಲ್ಲ’ ಎಂಬ ಆರೋಪಕ್ಕೆ ಇದು ಉತ್ತರ. ಎಲ್‌ಇಡಿಯಲ್ಲಿ ಈ ಗುರುತು ಸಿಗದು.

ರಸ್ತೆಯ ಫೋಟೊಗಳನ್ನು ದೂರದಿಂದ, ನಡುವಿನಿಂದ, ಹತ್ತಿರದಿಂದ ತೆಗೆಯಿರಿ. ಪ್ರತಿಯೊಂದರಲ್ಲೂ ವಿದ್ಯುತ್ ಕಂಬದಂಥ ಅಲುಗಾಡದ ವಸ್ತು ಒಂದಿರಲಿ. ಟೈರಿನ ಕಪ್ಪು ಗೆರೆಗಿಂತ ಲೋಹ ಡಾಂಬರನ್ನು ಕೆತ್ತಿದ ಗುರುತು ಹೆಚ್ಚು ಬೆಲೆಯದು, ಅದು ಡಿಕ್ಕಿಯಾದ ಜಾಗಕ್ಕೆ ಹತ್ತಿರವಿರುತ್ತದೆ. ಅಪಘಾತವಾದ ಹೊತ್ತಿನಲ್ಲೇ ಇನ್ನೊಮ್ಮೆ ಹೋಗಿ, ಎದುರು ಚಾಲಕನ ಕಣ್ಣಿನ ಎತ್ತರದಿಂದ ಅವನು ಬಂದ ದಿಕ್ಕಿನ ನೋಟವನ್ನೂ ತೆಗೆಯಿರಿ. ‘ಬೈಕು ಕಾಣಲೇ ಇಲ್ಲ’ ಎಂಬ ಮಾತು ಎಷ್ಟು ನಿಜ ಎಂದು ಆಮೇಲೆ ತೂಗಲು ಇದೇ ಬೇಕು. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗಾತ್ರವೂ ಕುಗ್ಗುತ್ತದೆ, ಅದರೊಳಗಿನ ಸಮಯದ ವಿವರವೂ ಹೋಗುತ್ತದೆ. ಮೂಲ ಕಡತ ಉಳಿಸಿಕೊಳ್ಳಿ.

ಅಂಗಡಿಗಳ ಸಿಸಿಟಿವಿ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತ ಹೋಗುತ್ತದೆ. ಎಷ್ಟೋ ಕಡೆ ಒಂದೆರಡು ವಾರಕ್ಕೇ ದೃಶ್ಯ ಅಳಿಸಿಹೋಗುತ್ತದೆ. ಪ್ರತಿ ತೆಗೆದುಕೊಳ್ಳುವಾಗ ಕ್ಯಾಮೆರಾದ ಗಡಿಯಾರವನ್ನೂ ನಿಮ್ಮ ಫೋನಿನ ಗಡಿಯಾರವನ್ನೂ ಒಂದೇ ಚೌಕಟ್ಟಿನಲ್ಲಿ ಫೋಟೊ ತೆಗೆಯಿರಿ. ಆ ಯಂತ್ರಗಳ ಸಮಯ ಆರೇಳು ನಿಮಿಷ ಹಿಂದೆ ಮುಂದೆ ಇರುವುದು ಮಾಮೂಲು, ದೂರಿನಲ್ಲಿರುವ ಸಮಯಕ್ಕೆ ತಾಳೆಯಾಗದಿದ್ದರೆ ಅದನ್ನೂ ಎತ್ತಾಡುತ್ತಾರೆ.

ನಿಮ್ಮ ಪಾಲಿನ ತಪ್ಪು

ಎದುರಿನವರ ವಾದವೆಲ್ಲ ಕೊನೆಗೆ ಬಂದು ನಿಲ್ಲುವುದು ಸವಾರನ ತಪ್ಪೆಷ್ಟು ಎಂಬಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶೇ. 30 ತಪ್ಪಿದ್ದರೆ ಅಷ್ಟೇ ಭಾಗ ಕಡಿತ. ಅಲ್ಲಿನದೇ ಅಲಬಾಮಾ, ಮೇರಿಲ್ಯಾಂಡ್, ವರ್ಜೀನಿಯಾ ರಾಜ್ಯಗಳಲ್ಲಿ ಸಾಮಾನ್ಯವಾಗಿ ಸ್ವಲ್ಪ ತಪ್ಪಿದ್ದರೂ ಕೈಗೆ ಏನೂ ಬಾರದು. ಭಾರತದ ಸುಪ್ರೀಂ ಕೋರ್ಟ್ 2020ರ ಮೊಹಮ್ಮದ್ ಸಿದ್ದಿಕ್ ಪ್ರಕರಣದಲ್ಲಿ, ಬೈಕಿನಲ್ಲಿ ಮೂವರಿದ್ದರು ಎಂಬುದಷ್ಟೇ ಕಡಿತಕ್ಕೆ ಕಾರಣವಾಗದು, ಅದರಿಂದಲೇ ಡಿಕ್ಕಿಯಾಯಿತೆಂದೋ ಪೆಟ್ಟು ಹೆಚ್ಚಿತೆಂದೋ ತೋರಿಸಬೇಕು ಎಂದಿತು. ನಿಯಮ ಮುರಿದಿದ್ದೀರೆಂದು ಕೇಸನ್ನೇ ಕೈಬಿಡಬೇಡಿ. ವಕೀಲರಿಂದ ಮಾತ್ರ ಏನನ್ನೂ ಮುಚ್ಚಿಡಬೇಡಿ.

ಎದುರು ವಾಹನದ ವಿಮಾ ಕಂಪನಿಯಿಂದ ಫೋನ್ ಬರುತ್ತದೆ, ಮಾತು ರೆಕಾರ್ಡ್ ಆಗುತ್ತಿರುತ್ತದೆ. ‘ಹೇಗಿದ್ದೀರಿ’ ಎಂದಾಗ ಬಾಯಿಗೆ ಬರುವ ‘ಪರವಾಗಿಲ್ಲ’ ಕೂಡ ಕಡತ ಸೇರುತ್ತದೆ. ‘ವಕೀಲರ ಮೂಲಕ ಉತ್ತರಿಸುತ್ತೇನೆ’ ಎಂದು ಹೇಳಿ ಇಟ್ಟುಬಿಡಿ.

ಗಡುವು, ರಾಜಿ, ವಕೀಲರು

ಪರಿಹಾರದ ಕೇಸು ಹಾಕಲು ಇಂಗ್ಲೆಂಡಿನಲ್ಲಿ ಸಾಮಾನ್ಯ ಗಡುವು 3 ವರ್ಷ, ಕ್ಯಾಲಿಫೋರ್ನಿಯಾದಲ್ಲಿ 2. ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ 6 ತಿಂಗಳು ಎನ್ನುತ್ತದೆ. ಗುಂಡಿ ಬಿದ್ದ ರಸ್ತೆ, ಸರ್ಕಾರಿ ವಾಹನ ಎಂದಾದರೆ ಗಡುವು ಇನ್ನೂ ಚಿಕ್ಕದಿರಬಹುದು. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಸಂಸ್ಥೆಗೆ 6 ತಿಂಗಳೊಳಗೆ ಅರ್ಜಿ ಮುಟ್ಟಬೇಕು.

ಗಡುವಿನೊಳಗೆ ಅರ್ಜಿ ಹಾಕಿ, ರಾಜಿಗೆ ಮಾತ್ರ ಅವಸರ ಮಾಡಬೇಡಿ. ‘ಪೂರ್ಣ ಮತ್ತು ಅಂತಿಮ’ ಎಂಬ ಕಾಗದಕ್ಕೆ ಸಹಿ ಹಾಕಿದ ಮೇಲೆ, ಕಾಲಿನ ರಾಡ್ ತೆಗೆಸುವ ಎರಡನೇ ಆಪರೇಷನ್ ಖರ್ಚು ನಿಮ್ಮದೇ. ಇನ್ನು ಸುಧಾರಿಸುವುದು ಇಷ್ಟೇ ಎಂದು ಡಾಕ್ಟರು ಬರೆದುಕೊಟ್ಟ ಮೇಲೆ ಲೆಕ್ಕಕ್ಕೆ ಕೂತುಕೊಳ್ಳಿ. ಅಂಗವೈಕಲ್ಯದ ಶೇಕಡಾವಾರು ಬೇರೆ, ಅದರಿಂದ ದುಡಿಮೆಗೆ ಬೀಳುವ ಪೆಟ್ಟು ಬೇರೆ. 2011ರ ರಾಜ್ ಕುಮಾರ್ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ ಕೊಟ್ಟ ಉದಾಹರಣೆ ನೋಡಿ: ಎಡಗೈ ಹೋದರೆ ಬಡಗಿಯ ಗಳಿಕೆ ಬಹುತೇಕ ಪೂರ್ತಿ ಹೋಗಬಹುದು, ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಆದ್ದರಿಂದ ನೀವು ದಿನವಿಡೀ ಮಾಡುವ ಕೆಲಸಕ್ಕೆ ಯಾವ ಬೆರಳು, ಯಾವ ಕೀಲು ಬೇಕೆಂದು ವಿವರವಾಗಿ ಬರೆದು ಕೊಡಿ.

ವಕೀಲರನ್ನು ಕೇಳಬೇಕಾದ್ದು: ಬೈಕ್ ಅಪಘಾತದ ಕೇಸುಗಳನ್ನು ವಿಚಾರಣೆಯವರೆಗೆ ಒಯ್ದಿದ್ದೀರಾ, ಫೀಸು ಎಷ್ಟು, ಸೋತರೆ ಖರ್ಚು ಯಾರದು. ಅಮೆರಿಕದಲ್ಲಿ ಗೆದ್ದ ಹಣದಲ್ಲಿ ಮೂರನೇ ಒಂದು ಭಾಗ ಫೀಸಾಗಿ ತೆಗೆದುಕೊಳ್ಳುವುದು ರೂಢಿ. ಭಾರತದಲ್ಲಿ ಹೀಗೆ ಪಾಲಿನ ಲೆಕ್ಕದಲ್ಲಿ ಫೀಸು ಮಾತಾಡುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ವಾರ್ಡಿಗೇ ಬಂದು ಖಾಲಿ ಹಾಳೆಗೆ ಸಹಿ ಕೇಳುವವರಿಗೆ ಸಹಿ ಕೊಡಬೇಡಿ. ಮೂಲ ದಾಖಲೆ ಒಪ್ಪಿಸುವಾಗ ಎರಡು ಪ್ರತಿಯಲ್ಲಿ ಪಟ್ಟಿ ಮಾಡಿ ವಕೀಲರ ಕಚೇರಿಯ ಸಹಿ ಪಡೆಯಿರಿ, ಹೆಲ್ಮೆಟ್ ಇಟ್ಟ ಪೆಟ್ಟಿಗೆಯೂ ಆ ಪಟ್ಟಿಯಲ್ಲಿರಲಿ.