ವಾಲ್ವ್ ಚೆನ್ನಾಗಿಯೇ ಇತ್ತು: ಹಳೆ ಬ್ಯಾಟರಿ ರೇಡಿಯೊ ರಿಪೇರಿಯ ನನ್ನ ಅನುಭವ

ವಾಲ್ವ್ ಅಂದರೆ ಟ್ರಾನ್ಸಿಸ್ಟರ್ ಬರುವ ಮುಂಚೆ ರೇಡಿಯೊದ ಒಳಗೆ ಸಿಗ್ನಲ್ ಹೆಚ್ಚಿಸುತ್ತಿದ್ದ ಗಾಜಿನ ಕೊಳವೆ. ವಾಲ್ವ್ ರೇಡಿಯೊ ಅಂದ ಕೂಡಲೇ ಎಲ್ಲರ ಬಾಯಿಂದ ಬರುವ ಪ್ರಶ್ನೆ ಒಂದೇ. "ವಾಲ್ವ್ ಎಲ್ಲಿ ಸಿಗ್ತದೆ ಮಾರಾಯ್ರೆ ಈಗ?" ಉಡುಪಿಯ ಮನೆಯ ಜಗಲಿಯಲ್ಲಿ ನಾನು ಈ ಸೆಟ್ ಬಿಚ್ಚಿಕೊಂಡು ಕೂತಾಗ ಪಕ್ಕದ ಮನೆಯವರಿಂದ ಹಿಡಿದು ಪರಿಚಯದ ಹಳೆ ಮೆಕ್ಯಾನಿಕ್‌ವರೆಗೆ ಎಲ್ಲರೂ ಇದನ್ನೇ ಕೇಳಿದರು. ಆದರೆ ಇದ್ದ ನಾಲ್ಕು ವಾಲ್ವ್‌ಗಳಲ್ಲಿ ಒಂದೂ ಹೋಗಿರಲಿಲ್ಲ. ಹೋದದ್ದೆಲ್ಲ ನಮ್ಮ ಕಡಲ ಕರೆಯ ತೇವಕ್ಕೆ ಸಿಕ್ಕಿದ ಸಾಮಾನು. ತಾಮ್ರದ ತಂತಿ, ಕಾಗದದ ಕಂಡೆನ್ಸರ್ (ವಿದ್ಯುತ್ ಹಿಡಿದಿಡುವ ಭಾಗ), ಸ್ವಿಚ್ಚು.

ಸೆಟ್ಟು ದೊಡ್ಡಪ್ಪ ಮುಂಬೈಯಲ್ಲಿ ಕೆಲಸದಲ್ಲಿದ್ದಾಗ ತಂದದ್ದು. ಮೇಲೊಂದು ಹಿಡಿಕೆ, ಮುಚ್ಚಳದ ಒಳಗೆ ತಂತಿ ಸುತ್ತಿದ ಫ್ರೇಮ್ ಏರಿಯಲ್. ಕಂಪನಿಯ ಹೆಸರಿನ ಪಟ್ಟಿ ಯಾವಾಗಲೋ ಉದುರಿಹೋಗಿದೆ. ಹಿಂದಿನ ಬಾಗಿಲಿಗೆ ಸಿಕ್ಕಿಸಿದ್ದ ಲೈಸೆನ್ಸ್ ಪುಸ್ತಕ ಮಾತ್ರ ಹಾಗೇ ಇತ್ತು. ಆಗೆಲ್ಲ ರೇಡಿಯೊ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ವರ್ಷ ವರ್ಷ ದುಡ್ಡು ಕಟ್ಟಬೇಕಿತ್ತು, ಅಲ್ವಾ?

ಇದು ಕರೆಂಟಿಗೆ ಹಾಕುವ ಸೆಟ್ಟೇ ಅಲ್ಲ. ಪೂರಾ ಬ್ಯಾಟರಿಯದ್ದು. 1954ರಲ್ಲಿ ಮೊದಲ ಟ್ರಾನ್ಸಿಸ್ಟರ್ ರೇಡಿಯೊ ಮಾರುಕಟ್ಟೆಗೆ ಬರುವ ಮುಂಚೆ ಕೈಯಲ್ಲಿ ಹಿಡಿದು ಓಡಾಡುವ ರೇಡಿಯೊ ಅಂದರೆ ಹೀಗೇ ಇರುತ್ತಿತ್ತು. ಒಳಗೆ ಕಿರುಬೆರಳಿನಷ್ಟು ಉದ್ದದ ನಾಲ್ಕು ವಾಲ್ವ್: 1ಆರ್5, 1ಟಿ4, 1ಎಸ್5, 3ಎಸ್4. ಯುರೋಪಿನ ಸೆಟ್ಟುಗಳಲ್ಲಿ ಇವೇ ಡಿಕೆ91, ಡಿಎಫ್91, ಡಿಎಎಫ್91, ಡಿಎಲ್92 ಎಂಬ ಹೆಸರಲ್ಲಿ ಇರುತ್ತವೆ. ಇವಕ್ಕೆ ಎರಡು ಬ್ಯಾಟರಿ ಬೇಕು. ಫಿಲಮೆಂಟ್, ಅಂದರೆ ವಾಲ್ವ್ ಒಳಗಿನ ಸಣ್ಣ ತಂತಿ, ಕಾಯಿಸಲು ಒಂದೂವರೆ ವೋಲ್ಟ್, ಅದು ಎ ಬ್ಯಾಟರಿ. ಆ ತಂತಿಯಿಂದ ಹೊರಟ ಎಲೆಕ್ಟ್ರಾನುಗಳನ್ನು ಎಳೆದುಕೊಳ್ಳುವ ಪ್ಲೇಟಿಗೆ 67.5 ವೋಲ್ಟ್, ಅದು ಬಿ ಬ್ಯಾಟರಿ. ಎರಡನೆಯದು ತಪ್ಪಿ ಫಿಲಮೆಂಟಿಗೆ ತಾಗಿದರೆ ನಾಲ್ಕೂ ವಾಲ್ವ್ ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟುಹೋಗುತ್ತವೆ. ಆಮೇಲೆ ಮಾತ್ರ "ವಾಲ್ವ್ ಎಲ್ಲಿ ಸಿಗ್ತದೆ" ಅನ್ನುವ ಪ್ರಶ್ನೆ ನಿಜವಾಗಿಯೂ ಬರುತ್ತದೆ.

ಹಾಗಾಗಿ ಮೊದಲ ಕೆಲಸ ಪವರ್ ಕೊಡುವುದಲ್ಲ, ಒಣಗಿಸುವುದು. ಆಟಿ ತಿಂಗಳ ಮಳೆಗೆ ಅಟ್ಟದಲ್ಲಿ ಏನಿಟ್ಟರೂ ಬೂಷ್ಟು ಹಿಡಿಯುತ್ತದೆ. ರಟ್ಟಿನ ದೊಡ್ಡ ಪೆಟ್ಟಿಗೆಯಲ್ಲಿ ಸೆಟ್ಟನ್ನಿಟ್ಟು, ಒಂದು ಮೂಲೆಯಲ್ಲಿ ಹಳೇ ಕಾಲದ 40 ವ್ಯಾಟ್ ಬಲ್ಬ್ ಉರಿಸಿದೆ. ರಟ್ಟಿಗೆ ಬಲ್ಬ್ ತಾಗದಂತೆ ನೋಡಿಕೊಂಡೆ. ಬಿಸಿಲಿಗೆ ಇಡಬೇಡಿ. ಕಾಯಿಲ್ ಮೇಲಿನ ಮೇಣ ಕರಗಿದರೆ ಮತ್ತೊಂದು ತಲೆನೋವು. ಒಣಗಿದ ಮೇಲೆ ಬ್ರಷ್ ಹಿಡಿದು ಸ್ಟೇಷನ್ ಬದಲಿಸುವ ಗ್ಯಾಂಗ್ ಕಂಡೆನ್ಸರಿನ ಎಲೆಗಳ ನಡುವಿನ ಧೂಳು ತೆಗೆದೆ. ವಾಲ್ವ್‌ಗಳ ಕಾಲಿಗೂ ಸಾಕೆಟ್ಟಿಗೂ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಹಸಿರು ಕಿಲುಬು ತೆಗೆದೆ. ವಾಲ್ವ್ ಎಳೆಯುವಾಗ ನೇರ ಮೇಲಕ್ಕೆ ಎಳೆಯಬೇಕು. ಅಲ್ಲಾಡಿಸಿದರೆ ಕಾಲಿನ ಬುಡದಲ್ಲಿ ಗಾಜು ಬಿರಿಯುತ್ತದೆ.

ಫಿಲಮೆಂಟ್ ಪರೀಕ್ಷೆ ಸುಲಭ. ಮೊದಲ ಮೂರು ವಾಲ್ವ್‌ಗಳಲ್ಲಿ 1 ಮತ್ತು 7ನೇ ಕಾಲಿಗೆ ಮಲ್ಟಿಮೀಟರ್ ಹಿಡಿದರೆ ಕೆಲವು ಓಮ್ ತೋರಿಸಬೇಕು. 3ಎಸ್4ಕ್ಕೆ 5ನೇ ಕಾಲು ನಡುವಿನದ್ದು, ಅಲ್ಲಿಂದ ಎರಡೂ ಕಡೆ ನೋಡಬೇಕು. ನಾಲ್ಕೂ ಸರಿ ಇದ್ದವು.

ಸರಿ ಇಲ್ಲದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಕೊನೆಯ ವಾಲ್ವ್ 3ಎಸ್4ಕ್ಕೂ ಸ್ಪೀಕರಿಗೂ ನಡುವಿನದ್ದು. ಅದರ ಪ್ರೈಮರಿ, ಅಂದರೆ ವಾಲ್ವ್ ಕಡೆಯ ಸುರುಳಿ, ತುಂಡಾಗಿ ಪೂರಾ ಓಪನ್. ನಮ್ಮ ಊರಿನಲ್ಲಿ ಇದು ಬಹಳ ಸಾಮಾನ್ಯ ಅಂತ ಮೆಕ್ಯಾನಿಕ್ ಹೇಳಿದರು. ಕಾರಣವೂ ಇದೆ. ಕೂದಲೆಳೆಯಂಥ ತಂತಿ, ಅದರ ಮೇಲೆ ಸದಾ ಬಿ ಬ್ಯಾಟರಿಯ ವೋಲ್ಟೇಜ್, ಸುತ್ತ ಉಪ್ಪಿನ ತೇವ. ಎಲ್ಲೋ ಒಂದು ಕಡೆ ಹಸಿರಾಗಿ ತುಂಡಾಗುತ್ತದೆ. ಇದನ್ನು ನೋಡದೆ ಪವರ್ ಕೊಟ್ಟರೆ ಇನ್ನೊಂದು ಅಪಾಯ. 3ಎಸ್4ರ ಪ್ಲೇಟಿಗೆ ವೋಲ್ಟೇಜ್ ಬರುವುದಿಲ್ಲ, ಆದರೆ ಪ್ಲೇಟಿನ ಮುಂದಿರುವ ಜಾಲರಿ, ಅಂದರೆ ಸ್ಕ್ರೀನಿಗೆ, ನೇರ ಬರುತ್ತದೆ. ಪ್ಲೇಟಿಗೆ ಹೋಗಬೇಕಾದ ಕರೆಂಟೂ ಸ್ಕ್ರೀನಿನ ತಲೆ ಮೇಲೆ ಬೀಳುತ್ತದೆ. ಅಂದರೆ ಚೆನ್ನಾಗಿದ್ದ ವಾಲ್ವನ್ನು ನಾವೇ ಕೈಯಾರೆ ಕೆಡಿಸಿದ ಹಾಗೆ.

ಅಂಥ ಟ್ರಾನ್ಸ್‌ಫಾರ್ಮರ್ ಅಂಗಡಿಯಲ್ಲಿ ಸಿಗುವುದಿಲ್ಲ. ನನಗೆ ದಾರಿ ತೋರಿಸಿದ್ದು ಮೈಕ್ ಸೆಟ್‌ನವರು. ಕಂಬಳ, ಯಕ್ಷಗಾನ, ದೇವಸ್ಥಾನದ ಜಾತ್ರೆ ಅಂತ ವರ್ಷವಿಡೀ ಸ್ಪೀಕರ್ ಕಟ್ಟುವವರು. ಅವರ ಸ್ಪೀಕರುಗಳಲ್ಲಿ 100 ವೋಲ್ಟಿನ ಲೈನ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. 100ನ್ನು 100ರಿಂದ ಗುಣಿಸಿ ವ್ಯಾಟಿನಿಂದ ಭಾಗಿಸಿದರೆ ಪ್ರೈಮರಿಯ ಓಮ್ ಸಿಗುತ್ತದೆ. 1 ವ್ಯಾಟಿನ ಟ್ಯಾಪಿಗೆ (ಸುರುಳಿಯಿಂದ ಹೊರತಂದ ತಂತಿಗೆ) 10,000 ಓಮ್. ಇದು 8 ಓಮಿನ ಸ್ಪೀಕರಿಗೆ ಮಾಡಿದ ಲೆಕ್ಕ. ನನ್ನ ಹಳೆ ಸ್ಪೀಕರ್ ಸುಮಾರು 3 ಓಮಿನದ್ದು. ಹಾಗಾಗಿ ವಾಲ್ವಿಗೆ ಕಾಣುವುದು 4,000 ಓಮಿನ ಆಸುಪಾಸು. 3ಎಸ್4ಕ್ಕೆ ಬೇಕಾದದ್ದು 5,000. ಸಾಕು. ಅದು ಕೊಡುವುದೇ 0.18 ವ್ಯಾಟ್, ಇದರಲ್ಲಿ ಹೈಫೈ ಹುಡುಕಿ ಏನು ಮಾಡುವುದು?

ಕಂಡೆನ್ಸರುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಗದದವನ್ನು ಒಂದೂ ಬಿಡದೆ ಬದಲಿಸಿ. ಮುಖ್ಯವಾದದ್ದು 1ಎಸ್5ರ ಪ್ಲೇಟಿನಿಂದ 3ಎಸ್4ರ ಗ್ರಿಡ್ಡಿಗೆ, ಅಂದರೆ ಸಿಗ್ನಲ್ ಒಳಬರುವ ಜಾಲರಿಗೆ, ಹೋಗುವ ಕಂಡೆನ್ಸರ್. ಅದು ಸ್ವಲ್ಪ ಲೀಕಾದರೂ ಗ್ರಿಡ್ಡಿಗೆ ಪ್ಲಸ್ ವೋಲ್ಟೇಜ್ ಹೋಗಿ ದನಿ ಒಡೆಯುತ್ತದೆ, ಬ್ಯಾಟರಿಯೂ ಬೇಗ ಖಾಲಿ. ಬಿ ಬ್ಯಾಟರಿಗೆ ಅಡ್ಡ ಇರುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಕೂಡ ಹೊಸದು ಹಾಕಿದೆ. ರೆಸಿಸ್ಟರುಗಳಲ್ಲಿ ಮೆಗ್ ಓಮಿನವುಗಳ ಓಮ್ ಇರಬೇಕಾದ್ದಕ್ಕಿಂತ ಮೇಲೆ ಹೋಗಿತ್ತು, ಅವನ್ನೂ ಬದಲಿಸಿದೆ.

ಇನ್ನು ಬ್ಯಾಟರಿ. 67.5 ವೋಲ್ಟಿನದ್ದನ್ನು ಹುಡುಕಲು ಹೋಗಬೇಡಿ. ಅಂಗಡಿಯಲ್ಲಿ ಸಿಗುವ 9 ವೋಲ್ಟಿನ ಬ್ಯಾಟರಿ ಏಳು ತಂದು ಒಂದರ ಹಿಂದೆ ಒಂದು ಜೋಡಿಸಿದರೆ 63 ಆಯಿತು. ಹೊಸದಿರುವಾಗ ಇನ್ನೂ ಒಂದೆರಡು ವೋಲ್ಟ್ ಜಾಸ್ತಿಯೇ ಬರುತ್ತದೆ. ಎ ಬ್ಯಾಟರಿಗೆ ಟಾರ್ಚಿನ ದೊಡ್ಡ ಸೆಲ್ ಒಂದು ಸಾಕು. ಒಂದೂವರೆ ವೋಲ್ಟಿನಿಂದ 67 ಮಾಡಿಕೊಡುವ ಸಣ್ಣ ಸರ್ಕ್ಯೂಟ್ ಬೋರ್ಡುಗಳೂ ಇವೆ. ನನಗೆ ಅವು ಇಷ್ಟವಿಲ್ಲ. ಮೀಡಿಯಂ ವೇವ್ ತುಂಬಾ ಗೊರಗೊರ ತುಂಬಿಸಿಬಿಡುತ್ತವೆ.

ಮೊದಲು ಎ ಬ್ಯಾಟರಿ ಮಾತ್ರ ಕೊಟ್ಟೆ. ಈ ವಾಲ್ವ್‌ಗಳು ದೊಡ್ಡ ಸೆಟ್ಟಿನವುಗಳ ಹಾಗೆ ಕೆಂಪಗೆ ಉರಿಯುವುದಿಲ್ಲ. ಪೂರ್ತಿ ಕತ್ತಲೆಯಲ್ಲಿ ನೋಡಿದರೂ ಕಂಡರೆ ಕಂಡಿತು. ಅದಕ್ಕೇ ಮೀಟರ್ ಸೇರಿಸಿ ಕರೆಂಟ್ ನೋಡಿದೆ. ಮೂರಕ್ಕೆ ತಲಾ 50, 3ಎಸ್4ಕ್ಕೆ 100, ಒಟ್ಟು 250 ಮಿಲಿಆಂಪ್ ಆಸುಪಾಸು ಬರಬೇಕು. ಬಂತು. ಆಮೇಲೆ ಬಿ ಬ್ಯಾಟರಿಯ ದಾರಿಯಲ್ಲಿ 1,000 ಓಮಿನ ರೆಸಿಸ್ಟರ್ ಹಾಕಿದೆ. ಎಲ್ಲಿಯಾದರೂ ಶಾರ್ಟ್ ಇದ್ದರೂ ಫಿಲಮೆಂಟ್ ಉಳಿಯುತ್ತದೆ. 9 ವೋಲ್ಟಿನವುಗಳ ಸುಖ ಇಲ್ಲೇ ಇರುವುದು. ಮೂರು ಹಾಕಿ ನೋಡಿ, ನಾಲ್ಕು ಹಾಕಿ ನೋಡಿ, ಹೀಗೆ ಒಂದೊಂದೇ ಏರಿಸಬಹುದು. ಐದನೆಯದಕ್ಕೆ ಸ್ಪೀಕರಿನಲ್ಲಿ ಸಣ್ಣಗೆ ಉಸಿರು ಬಂತು. ಏಳೂ ಹಾಕಿ ರೆಸಿಸ್ಟರ್ ತೆಗೆದ ಮೇಲೆ ಕರೆಂಟ್ 10 ಮಿಲಿಆಂಪ್ ದಾಟಲಿಲ್ಲ.

ಆದರೆ ಸ್ಟೇಷನ್ ಒಂದೂ ಇಲ್ಲ. ಬರೀ ಉಸಿರು. ಇಂಥ ಹೊತ್ತಿಗೆ ಒಂದು ಟ್ರಾನ್ಸಿಸ್ಟರ್ ರೇಡಿಯೊ ಪಕ್ಕದಲ್ಲಿಟ್ಟರೆ ಅರ್ಧ ಕೆಲಸ ಮುಗಿಯುತ್ತದೆ. ಹಳೆ ಸೆಟ್ಟನ್ನು 1000 ಕಿಲೊಹರ್ಟ್ಸಿನಲ್ಲಿ ಇಟ್ಟು, ಟ್ರಾನ್ಸಿಸ್ಟರಿನಲ್ಲಿ 455 ಸೇರಿಸಿ 1455ರ ಹತ್ತಿರ ಹುಡುಕಬೇಕು. ಹಳೆ ಸೆಟ್ಟಿನಲ್ಲಿ 1ಆರ್5 ತಾನೇ ಹುಟ್ಟಿಸುವ ಸಿಗ್ನಲ್ ಸ್ಟೇಷನ್ನಿಗಿಂತ 455 ಮೇಲಿರುತ್ತದೆ, ಅದೇ ಆಸಿಲೇಟರ್. ಅದು ಕೆಲಸ ಮಾಡುತ್ತಿದ್ದರೆ ಟ್ರಾನ್ಸಿಸ್ಟರಿನಲ್ಲಿ ಅಲ್ಲಿ ಗೊರಗೊರ ನಿಂತು ಮೌನವಾಗುತ್ತದೆ. ನನ್ನದರಲ್ಲಿ ಏನೂ ಇಲ್ಲ. 1ಆರ್5 ಫಿಲಮೆಂಟಿನ ವೋಲ್ಟೇಜ್ ಕಡಿಮೆಯಾದರೆ ಆಸಿಲೇಟ್ ಮಾಡುವುದು ನಿಲ್ಲಿಸುತ್ತದೆ. ಅಳೆದರೆ ವಾಲ್ವಿನ ಕಾಲಿನಲ್ಲಿ 1.1 ವೋಲ್ಟ್, ಸೆಲ್ಲಿನಲ್ಲಿ 1.5. ಉಳಿದದ್ದನ್ನು ಆನ್-ಆಫ್ ಸ್ವಿಚ್ಚೇ ನುಂಗುತ್ತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ಆನ್ ಆಫ್ ಮಾಡಿದೆ. ತೇವ, ಮತ್ತೆ ತೇವ!

ಆಮೇಲೆ ಹಗಲಲ್ಲೇ 1089ರಲ್ಲಿ ಆಕಾಶವಾಣಿ ಮಂಗಳೂರು ಗಟ್ಟಿಯಾಗಿ ಬಂತು, ತುಳು ಮಾತು. ಅದರ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ನಮಗೆ ಹತ್ತಿರದ ಬ್ರಹ್ಮಾವರದಲ್ಲೇ ಇರುವುದರಿಂದ ಅದರಲ್ಲಿ ಸೆಟ್ಟಿನ ಹೆಚ್ಚುಗಾರಿಕೆ ಏನಿಲ್ಲ. ರಾತ್ರಿ 765ರಲ್ಲಿ ಧಾರವಾಡ ಸಿಕ್ಕಿದಾಗ ಖುಷಿಯಾಯಿತು. ಮನೆಯ ಎಲ್‌ಇಡಿ ಬಲ್ಬುಗಳನ್ನೂ ಫೋನಿನ ಚಾರ್ಜರನ್ನೂ ಆರಿಸಿದ ಮೇಲಷ್ಟೇ ಸಿಕ್ಕಿತು. ಪೆಟ್ಟಿಗೆಯನ್ನು ತಿರುಗಿಸಿ ನೋಡುವುದೂ ಮುಖ್ಯ. ಫ್ರೇಮ್ ಏರಿಯಲ್ಲಿನ ಅಂಚು ಸ್ಟೇಷನ್ನಿನ ಕಡೆಗಿದ್ದರೆ ಜೋರು, ಮುಖ ಆ ಕಡೆಗಿದ್ದರೆ ಸಣ್ಣ.

ಮಳೆಗಾಲಕ್ಕೆ ಸೆಲ್ಲುಗಳನ್ನೆಲ್ಲ ತೆಗೆದು, ಸೆಟ್ಟನ್ನು ಅಟ್ಟದ ಬದಲು ಗಾಜಿನ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಡಯಲಿನ ಮುಳ್ಳು ಇನ್ನೂ ಸ್ವಲ್ಪ ಆಚೀಚೆ ತೋರಿಸುತ್ತದೆ. ಸರಿ ಮಾಡಬಹುದು. ಆದರೆ ಆ 455ಕ್ಕೆ ಹೊಂದಿಸಿದ ಐಎಫ್ ಟ್ರಾನ್ಸ್‌ಫಾರ್ಮರಿಗೂ ಡಯಲ್ ಹೊಂದಿಸುವ ಟ್ರಿಮ್ಮರಿಗೂ ನಾನು ಸ್ಕ್ರೂಡ್ರೈವರ್ ತಾಗಿಸಿಲ್ಲ. ಸ್ಟೇಷನ್ ಸ್ವಚ್ಛ ಬರುತ್ತಿರುವಾಗ ಸುಮ್ನೆ ಅದನ್ನು ಯಾಕೆ ಮುಟ್ಟಬೇಕು?