ಸಿಎಎಸ್ ಕಡತ: ವರ್ಷವರ್ಷಕ್ಕೂ ಕಟ್ಟಿಕೊಂಡು ಹೋಗುವ ಕ್ರಮ

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ಜುಲೈ 18ರ ನಿಯಮಾವಳಿ ಬಂದಾಗ ಸಿಎಎಸ್, ಅಂದರೆ ಕಾಲೇಜು ಅಧ್ಯಾಪಕರ ವೃತ್ತಿ ಬಡ್ತಿ ಯೋಜನೆಯ ಪದೋನ್ನತಿಗೆ ಎಪಿಐ ಎಂಬ ಸಾಧನಾ ಸೂಚ್ಯಂಕದ ಅಂಕ ಕೂಡಿಸುವ ಕೆಲಸ ತಪ್ಪಿತು. ಕಡತಗಳು ವಾಪಸ್ ಬರುವುದು ಮಾತ್ರ ನಿಂತಿಲ್ಲ. ಕಲಬುರಗಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿದ್ದು ನನ್ನ ಕಡತವನ್ನೂ ಬೀದರ್, ಯಾದಗಿರಿಯ ಸಹೋದ್ಯೋಗಿಗಳ ಕಡತಗಳನ್ನೂ ಜೋಡಿಸಿದ್ದೇನೆ. ಹೆಚ್ಚಿನವು ಸಿಕ್ಕಿಬೀಳುವುದು ದಿನಾಂಕದಲ್ಲಿ. ತರಬೇತಿ ಆಗಿರುತ್ತದೆ, ಪಾಠವೂ ಆಗಿರುತ್ತದೆ. ಅದು ಯಾವ ಅವಧಿಯಲ್ಲಿ ಆಯಿತು, ಅದಕ್ಕೆ ಯಾರ ಸಹಿ ಇದೆ ಎಂದು ಕೇಳಿದರೆ ತೋರಿಸಲು ಕಾಗದ ಇರುವುದಿಲ್ಲ.

ಆದ್ದರಿಂದ ಕಡತದ ಮೊದಲ ಹಾಳೆಯಲ್ಲಿ ನಾನು ಬರೆಯುವುದು ದಿನಾಂಕಗಳನ್ನಷ್ಟೇ. ಸೇವೆಗೆ ಸೇರಿದ ದಿನ, ಪ್ರೊಬೇಷನರಿ ಅವಧಿ ಮುಗಿದಿದೆ ಎಂದು ಘೋಷಿಸಿದ ಆದೇಶದ ಸಂಖ್ಯೆ ಮತ್ತು ದಿನ, ಪಿಎಚ್‌ಡಿ ಅಧಿಸೂಚನೆಯ ದಿನ, ಅಸಾಧಾರಣ ರಜೆ ಇದ್ದರೆ ಅದರ ಆರಂಭ ಮತ್ತು ಕೊನೆ. ಸಹಾಯಕ ಪ್ರಾಧ್ಯಾಪಕರು ವೇತನ ಶ್ರೇಣಿಯ ಲೆವೆಲ್ 10ರಿಂದ 11ಕ್ಕೆ ಹೋಗಲು ಪಿಎಚ್‌ಡಿ ಇದ್ದವರಿಗೆ 4 ವರ್ಷ, ಎಂ.ಫಿಲ್. ಇದ್ದವರಿಗೆ 5, ಎರಡೂ ಇಲ್ಲದವರಿಗೆ 6 ವರ್ಷದ ಸೇವೆ ಬೇಕು. 11ರಿಂದ 12ಕ್ಕೆ 5 ವರ್ಷ. 12ರಿಂದ ಸಹ ಪ್ರಾಧ್ಯಾಪಕರ 13ಎಗೆ 3 ವರ್ಷ, ಜೊತೆಗೆ ಪಿಎಚ್‌ಡಿ ಕಡ್ಡಾಯ. ಆರಂಭಿಕ ಮೂಲ ವೇತನ ಲೆವೆಲ್ 10ಕ್ಕೆ 57,700, ಲೆವೆಲ್ 11ಕ್ಕೆ 68,900, ಲೆವೆಲ್ 12ಕ್ಕೆ 79,800 ರೂಪಾಯಿ. 13ಎ ಶುರುವಾಗುವುದೇ 1,31,400ರಿಂದ. ಈ ಮೆಟ್ಟಿಲು ಇಷ್ಟು ಎತ್ತರವಿರುವುದರಿಂದ ಪರಿಶೀಲನೆಯೂ ಅಲ್ಲಿಯೇ ಬಿಗಿ.

ಹೆಸರಿನ ತೊಡಕನ್ನೂ ಮೊದಲೇ ಬಿಡಿಸಿಕೊಳ್ಳಬೇಕು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮುಂದಿರುತ್ತದೆ, ಸೇವಾ ಪುಸ್ತಕದಲ್ಲಿ ಅದು ಹಿಂದೆ ಹೋಗಿರುತ್ತದೆ, ಆನ್‌ಲೈನ್ ಕೋರ್ಸಿನ ಪ್ರಮಾಣಪತ್ರದಲ್ಲಿ ತಂದೆಯ ಹೆಸರೇ ಬಿಟ್ಟುಹೋಗಿರುತ್ತದೆ. ತರಬೇತಿಗೆ ನೋಂದಾಯಿಸುವಾಗ ಸೇವಾ ಪುಸ್ತಕ ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹಾಗೆಯೇ ತುಂಬುತ್ತೇನೆ. ಪ್ರಮಾಣಪತ್ರ ಕೈಗೆ ಬಂದ ಮೇಲೆ ತಿದ್ದಿಸುವುದು ತಿಂಗಳುಗಟ್ಟಲೆ ಎಳೆಯುವ ಕೆಲಸ.

ಇನ್ನು ಬೋಧನೆಯ ಶೇಕಡಾವಾರು. ನಿಯಮಾವಳಿಯ ಮೊದಲ ಕೋಷ್ಟಕದಲ್ಲಿ ಸೂತ್ರ ಸರಳವಾಗಿದೆ: ತೆಗೆದುಕೊಂಡ ತರಗತಿಗಳನ್ನು ವಹಿಸಿದ ತರಗತಿಗಳಿಂದ ಭಾಗಿಸಿ 100ರಿಂದ ಗುಣಿಸಬೇಕು. 80 ಮತ್ತು ಮೇಲಾದರೆ ‘ಉತ್ತಮ’, 70ರಿಂದ 80ರೊಳಗೆ ‘ತೃಪ್ತಿಕರ’, 70ಕ್ಕಿಂತ ಕೆಳಗೆ ‘ತೃಪ್ತಿಕರವಲ್ಲ’. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ವರ್ಷಕ್ಕೆ 30 ಬೋಧನಾ ವಾರ, ಒಟ್ಟು 480. ಅದರಲ್ಲಿ 384 ತೆಗೆದುಕೊಂಡರೆ ಶೇ 80, 336 ತೆಗೆದುಕೊಂಡರೆ ಶೇ 70.

ಹುದ್ದೆಗಳು ಖಾಲಿ ಇರುವ ಕಾಲೇಜಿನಲ್ಲಿ ಈ ಸೂತ್ರ ತಲೆಕೆಳಗಾಗುತ್ತದೆ. ಒಬ್ಬರಿಗೇ ವಾರಕ್ಕೆ 20 ಗಂಟೆ ಹಾಕಿದರೆ ವರ್ಷಕ್ಕೆ 600 ಆಗುತ್ತದೆ. ಅವರು 450 ತರಗತಿ ತೆಗೆದುಕೊಂಡರೂ ಸಿಗುವುದು ಶೇ 75, ಅಂದರೆ ‘ತೃಪ್ತಿಕರ’. ಪಕ್ಕದ ವಿಭಾಗದಲ್ಲಿ 480ಕ್ಕೆ 384 ತೆಗೆದುಕೊಂಡವರು ‘ಉತ್ತಮ’. ಹೆಚ್ಚು ಪಾಠ ಮಾಡಿದವರಿಗೆ ಕೆಳಗಿನ ದರ್ಜೆ! ಇದು ಅನ್ಯಾಯವೇ ಸರಿ, ಆದರೂ ಇದಕ್ಕಾಗಿ ಅಂಕಿ ತಿದ್ದುವ ಅಗತ್ಯವಿಲ್ಲ. ಬಡ್ತಿಗೆ ‘ತೃಪ್ತಿಕರ’ ಸಾಕು, ಅದೂ ಎಲ್ಲ ವರ್ಷಕ್ಕೂ ಬೇಕಿಲ್ಲ. 10ರಿಂದ 11ಕ್ಕೆ ಹೋಗುವವರು ಕೊನೆಯ 4 ವರ್ಷಗಳಲ್ಲಿ 3, 5ರಲ್ಲಿ 4 ಅಥವಾ 6ರಲ್ಲಿ 5 ವರ್ಷ ತೋರಿಸಬೇಕು. 11ರಿಂದ 12ಕ್ಕೆ 5ರಲ್ಲಿ 4, 12ರಿಂದ 13ಎಗೆ 3ರಲ್ಲಿ 2.

ಚುನಾವಣೆ ಕೆಲಸ, ಸಮೀಕ್ಷೆ, ಪರೀಕ್ಷಾ ಜಾಗೃತ ದಳ ಎಂದು ಹೊರಗೆ ಹೋದ ದಿನಗಳಿಗೆ ವರ್ಕ್ ಡೈರಿಯಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಆದೇಶದ ಸಂಖ್ಯೆ ಬರೆಯುತ್ತೇನೆ. ಹೆರಿಗೆ ರಜೆ, ಶಿಶುಪಾಲನಾ ರಜೆ, ಅಧ್ಯಯನ ರಜೆ, ವೈದ್ಯಕೀಯ ರಜೆ, ನಿಯೋಜನೆಯ ಅವಧಿಗಳನ್ನು ದರ್ಜೆ ಲೆಕ್ಕದಿಂದ ಹೊರಗಿಡಬೇಕೆಂದು ನಿಯಮಾವಳಿಯೇ ಹೇಳಿದೆ. ಶಿಶುಪಾಲನಾ ರಜೆ ತೆಗೆದುಕೊಂಡ ಸಹೋದ್ಯೋಗಿಗಳ ಕಡತದಲ್ಲಿ ಆ ತಿಂಗಳುಗಳಿಗೆ ಸೊನ್ನೆ ತುಂಬಿ ವರ್ಷವನ್ನೇ ಕೆಡಿಸಿದ ನಮೂನೆಗಳನ್ನು ನೋಡಿದ್ದೇನೆ. ಅಲ್ಲಿ ಭಾಜಕದಿಂದಲೂ ಆ ತರಗತಿಗಳನ್ನು ಕಳೆದು ರಜೆ ಮಂಜೂರಾತಿಯ ಪ್ರತಿ ಲಗತ್ತಿಸಬೇಕು. ವೇಳಾಪಟ್ಟಿ ಸೆಮಿಸ್ಟರ್ ನಡುವೆ ಬದಲಾದರೆ ಎರಡೂ ಪ್ರತಿಗಳು ಬೇಕು, ಎರಡರಲ್ಲೂ ಪ್ರಾಂಶುಪಾಲರ ಸಹಿ ಮತ್ತು ಜಾರಿಯ ದಿನಾಂಕ ಇರಬೇಕು.

ಪಾಠ ನೂರಕ್ಕೆ ನೂರಾದರೂ ಅದೇ ಕೋಷ್ಟಕದ ಎರಡನೆಯ ಸಾಲು, ಅಂದರೆ ಪಾಠದಾಚೆಯ ಚಟುವಟಿಕೆಗಳದ್ದು, ಖಾಲಿಯಾದರೆ ಆ ವರ್ಷ ಹೋಯಿತೆಂದೇ ಲೆಕ್ಕ. ಆಡಳಿತದ ಹೊಣೆ, ಪರೀಕ್ಷೆ ಮತ್ತು ಮೌಲ್ಯಮಾಪನ, ಎನ್ಎಸ್ಎಸ್, ಎನ್‌ಸಿಸಿಯಂತಹ ವಿದ್ಯಾರ್ಥಿ ಚಟುವಟಿಕೆ, ವಿಚಾರಸಂಕಿರಣದ ಆಯೋಜನೆ, ಪಿಎಚ್‌ಡಿ ಮಾರ್ಗದರ್ಶನ, ಪ್ರಾಯೋಜಿತ ಸಂಶೋಧನಾ ಯೋಜನೆ, ಒಂದು ಪ್ರಕಟಣೆ ಇವು ಅಲ್ಲಿನ ಬಾಬುಗಳು. ಮೂರು ಇದ್ದರೆ ‘ಉತ್ತಮ’, ಒಂದೆರಡಾದರೆ ‘ತೃಪ್ತಿಕರ’. ಎಲ್ಲರೂ ಮಾಡಿಯೇ ಮಾಡುವ ಕೆಲಸ ಮೌಲ್ಯಮಾಪನ, ಅದಕ್ಕೇ ಯಾರೂ ಕಾಗದ ಇಟ್ಟುಕೊಳ್ಳುವುದಿಲ್ಲ. ಈ ಭಾಗದಲ್ಲಿ ಅದಕ್ಕೆ ಇನ್ನೊಂದು ತೊಡಕು ಸೇರಿದೆ. 1980ರಿಂದ ಇಡೀ ಪ್ರದೇಶಕ್ಕೆ ಗುಲಬರ್ಗಾ ವಿಶ್ವವಿದ್ಯಾಲಯವೇ ಇತ್ತು. ಈಗ ಯಾದಗಿರಿಯ ಕಾಲೇಜುಗಳು ರಾಯಚೂರಿನ ವಿಶ್ವವಿದ್ಯಾಲಯಕ್ಕೆ, ಬೀದರಿನವು ಬೀದರ್ ವಿಶ್ವವಿದ್ಯಾಲಯಕ್ಕೆ ಹೋಗಿವೆ. ಒಂದೇ ಮೌಲ್ಯಾಂಕನ ಅವಧಿಯಲ್ಲಿ ಹಳೆಯ ಸೆಮಿಸ್ಟರಿನ ಮೌಲ್ಯಮಾಪನ ಒಂದು ವಿಶ್ವವಿದ್ಯಾಲಯದ್ದು, ಹೊಸತು ಇನ್ನೊಂದರದ್ದು. ಹಾಜರಾತಿ ಪ್ರಮಾಣಪತ್ರವನ್ನು ಮೌಲ್ಯಮಾಪನ ಕೇಂದ್ರ ಬಿಡುವ ದಿನವೇ, ಮುಖ್ಯಸ್ಥರ ಮೊಹರಿನ ಸಮೇತ ತೆಗೆದುಕೊಳ್ಳುವುದು ಕ್ಷೇಮ. ನಾಲ್ಕು ವರ್ಷದ ಮೇಲೆ ಬೀದರಿನಿಂದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗೆ ಆವರಣದ ಪರೀಕ್ಷಾ ವಿಭಾಗಕ್ಕೆ ಬಂದು ಹಳೆಯ ರಿಜಿಸ್ಟರ್ ಹುಡುಕಿಸುವುದು ಯಾರಿಗೂ ಬೇಡ.

‘ಸರ್, ಈ ಸರ್ಟಿಫಿಕೇಟ್ ನಡೀತದೇನ್ರಿ?’ ಎಂಬ ಪ್ರಶ್ನೆ ಬರುವುದು ತರಬೇತಿಯ ವಿಷಯಕ್ಕೆ. ಲೆವೆಲ್ 11ಕ್ಕೆ ಹೋಗುವವರಿಗೆ ಬೋಧನಾ ವಿಧಾನದ 21 ದಿನದ ಓರಿಯೆಂಟೇಶನ್ ಬೇಕೇ ಬೇಕು. ಈಗ ಆ ಜಾಗದಲ್ಲಿ ಒಂದು ತಿಂಗಳ ಫ್ಯಾಕಲ್ಟಿ ಇಂಡಕ್ಷನ್ ಕಾರ್ಯಕ್ರಮ ನಡೆಯುತ್ತದೆ. ಅದರ ಜೊತೆಗೆ ಒಂದು ರಿಫ್ರೆಶರ್ ಅಥವಾ ಸಂಶೋಧನಾ ವಿಧಾನದ ಕೋರ್ಸ್, ಇಲ್ಲವೇ ಇ-ಪ್ರಮಾಣಪತ್ರ ಸಹಿತ ಒಂದು ಮೂಕ್ (ಎಲ್ಲರಿಗೂ ತೆರೆದ ಆನ್‌ಲೈನ್) ಕೋರ್ಸ್ ಮುಗಿಸಿರಬೇಕು. ಲೆವೆಲ್ 12ಕ್ಕೆ ಇಂಥವು ಎರಡು, 13ಎಗೆ ಒಂದು. ಈ ಎರಡು ಹಂತಗಳಲ್ಲಿ ಹತ್ತು ದಿನದ ಒಂದು ಕೋರ್ಸಿನ ಬದಲು ಐದು ದಿನದ ಎರಡು ಕೋರ್ಸ್ ನಡೆಯುತ್ತವೆ.

ತೊಂದರೆ ಏಳುವುದು ಆ ಐದು ದಿನದ್ದರಲ್ಲೇ. ಪ್ರಮಾಣಪತ್ರದಲ್ಲಿ ‘ಒಂದು ವಾರ’ ಎಂದಷ್ಟೇ ಇದ್ದು ಆರಂಭ ಮತ್ತು ಮುಕ್ತಾಯದ ದಿನಾಂಕ ಇಲ್ಲದಿದ್ದರೆ ಆಕ್ಷೇಪಣೆ ಬರುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಎಂದಿದ್ದರೂ ನಡುವೆ ಸರ್ಕಾರಿ ರಜೆ ಬಂದಿದ್ದರೆ ನಾಲ್ಕೇ ದಿನ ಎಂದು ಎಣಿಸುವವರಿದ್ದಾರೆ. ಅದಕ್ಕೇ ಕಾರ್ಯಕ್ರಮದ ವೇಳಾಪಟ್ಟಿಯನ್ನೂ ಪ್ರಮಾಣಪತ್ರದ ಹಿಂದೆಯೇ ಲಗತ್ತಿಸುತ್ತೇನೆ. ಯಾವುದೋ ಖಾಸಗಿ ಸಂಸ್ಥೆ ಸಂಜೆ ಎರಡು ಗಂಟೆಯಂತೆ ಗೂಗಲ್ ಮೀಟ್‌ನಲ್ಲಿ ನಡೆಸಿ, ಕೊನೆಗೆ ಗೂಗಲ್ ಫಾರ್ಮ್ ತುಂಬಿದವರಿಗೆಲ್ಲ ಹಂಚುವ ಪಿಡಿಎಫ್ ಹಾಳೆಗಳ ಮೇಲೆ ಭರವಸೆ ಇಡಬೇಡಿ. ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರಗಳು ನಡೆಸುವ ಕೋರ್ಸ್‌ಗಳೇ ಭದ್ರ. ಹಿಂದೆ ಎಚ್‌ಆರ್‌ಡಿಸಿ ಎನ್ನುತ್ತಿದ್ದೆವಲ್ಲ, ಅವೇ 2023ರಿಂದ ಈ ಹೆಸರಿನಲ್ಲಿವೆ. ಕಲಬುರಗಿಯವರಿಗೆ ಮೈಸೂರು, ಧಾರವಾಡಕ್ಕಿಂತ ಹೈದರಾಬಾದೇ ಹತ್ತಿರ. ಕೇಂದ್ರೀಯ ವಿಶ್ವವಿದ್ಯಾಲಯ, ಉಸ್ಮಾನಿಯಾ, ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯ, ಹೀಗೆ ಒಂದೇ ಊರಿನಲ್ಲಿ ಹಲವು ಕೇಂದ್ರಗಳಿವೆ. ಆನ್‌ಲೈನ್ ತಂಡಗಳೂ ನಡೆಯುತ್ತವೆ, ಆದರೆ ಕಾಲೇಜಿನ ತರಗತಿ ಮತ್ತು ಆನ್‌ಲೈನ್ ಕೋರ್ಸ್ ಒಂದೇ ಹೊತ್ತಿಗೆ ಬಿದ್ದರೆ ವರ್ಕ್ ಡೈರಿಯೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಆನ್‌ಲೈನ್ ಆದರೂ ಓಓಡಿ (ಅನ್ಯ ಕಾರ್ಯ ನಿಮಿತ್ತ) ಆದೇಶ ಮಾಡಿಸಿಕೊಂಡೇ ಕೂರಬೇಕು. ಒಂದು ತರಬೇತಿಗೆ ನಾಲ್ಕು ಕಾಗದ ಕೂಡಿಸುತ್ತೇನೆ: ಆಯ್ಕೆ ಪತ್ರ, ಓಓಡಿ ಅಥವಾ ಬಿಡುಗಡೆ ಆದೇಶ, ಪ್ರಮಾಣಪತ್ರ, ಮರಳಿ ಕರ್ತವ್ಯಕ್ಕೆ ಹಾಜರಾದ ವರದಿ. ಪ್ರಮಾಣಪತ್ರದ ನಮೂದು ಸೇವಾ ಪುಸ್ತಕಕ್ಕೂ ಏರಬೇಕು.

ಮೂಕ್‌ಗಾಗಿ ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನ ಕೋರ್ಸಿಗೆ ಸೇರಿದ್ದು, ವಿಡಿಯೊ ನೋಡಿದ್ದು, ಅಸೈನ್‌ಮೆಂಟ್ ಹಾಕಿದ್ದು ಇವು ಯಾವುವೂ ಲೆಕ್ಕಕ್ಕಿಲ್ಲ. ಮೇಲ್ವಿಚಾರಣೆಯ ಪರೀಕ್ಷೆ ಬರೆದು ಪಾಸಾಗಬೇಕು, ಅದಕ್ಕೆ ನೋಂದಣಿ, ಶುಲ್ಕ ಬೇರೆ. ಪರೀಕ್ಷೆ ಸೆಮಿಸ್ಟರ್ ಕೊನೆಗೆ, ಫಲಿತಾಂಶ ಅದಾದ ಮೇಲೆ ಯಾವಾಗಲೋ. ಅರ್ಹತಾ ದಿನಾಂಕ ಜೂನ್‌ನಲ್ಲಿದ್ದರೆ ಜನವರಿ ಕೋರ್ಸನ್ನು ನೆಚ್ಚಿಕೊಳ್ಳುವುದು ಜೂಜು. ಹಿಂದಿನ ಜುಲೈ ಸೆಮಿಸ್ಟರಿನಲ್ಲೇ ಮುಗಿಸಿಬಿಡಬೇಕು. ಒಂದು ಹಂತಕ್ಕೆ ಬಳಸಿದ ಪ್ರಮಾಣಪತ್ರ ಮುಂದಿನ ಹಂತಕ್ಕೆ ಬರುವುದಿಲ್ಲ. ಆದ್ದರಿಂದ ಪ್ರತಿಯೊಂದರ ಮೂಲೆಯಲ್ಲಿ ‘10–11’ ಅಥವಾ ‘11–12’ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಡುತ್ತೇನೆ.

ವಿಶ್ವವಿದ್ಯಾಲಯದ ವಿಭಾಗಗಳಲ್ಲಿರುವವರಿಗೆ ಸಂಶೋಧನಾ ಅಂಕದ ಹೊರೆ ಬೇರೆ ಇದೆ: ಸಹ ಪ್ರಾಧ್ಯಾಪಕರಿಗೆ 70, ಪ್ರಾಧ್ಯಾಪಕರಿಗೆ 110. ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಲೂ 110 ಬೇಕು. ಭಾಷೆ, ಸಮಾಜ ವಿಜ್ಞಾನ, ವಾಣಿಜ್ಯದವರ ಒಂದು ಲೇಖನಕ್ಕೆ 10, ವಿಜ್ಞಾನದವರಿಗೆ 8. ಇಂಪ್ಯಾಕ್ಟ್ ಫ್ಯಾಕ್ಟರ್ (ಪತ್ರಿಕೆಯ ಲೇಖನಗಳು ಎಷ್ಟು ಉಲ್ಲೇಖವಾಗುತ್ತವೆ ಎಂಬ ಅಳತೆ) ಇಲ್ಲದ, ತಜ್ಞರ ವಿಮರ್ಶೆ ಇರುವ ಪತ್ರಿಕೆಯಾದರೆ ಮೇಲೆ 5. ಇಬ್ಬರು ಬರೆದಿದ್ದರೆ ತಲಾ ಶೇ 70. ಕನ್ನಡ ವಿಭಾಗದ ಇಬ್ಬರ ಲೇಖನ 15 ಅಂಕದ್ದಾದರೆ ಒಬ್ಬೊಬ್ಬರಿಗೆ 10.5. ರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 10, ಅನುವಾದಿತ ಪುಸ್ತಕಕ್ಕೆ 8, ಅನುವಾದಿಸಿದ ಅಧ್ಯಾಯಕ್ಕೆ 3. ಇಲ್ಲಿ ಕನ್ನಡದವರು ಎಡವುವ ಜಾಗ ಒಂದಿದೆ. ಅಂಕಗಳು ಆರು ವರ್ಗಗಳಲ್ಲಿ ಕನಿಷ್ಠ ಮೂರರಿಂದ ಬರಬೇಕು. ಪುಸ್ತಕ ಮತ್ತು ಅನುವಾದ ಎರಡೂ ಒಂದೇ ವರ್ಗ. ಲೇಖನ, ಪುಸ್ತಕ, ಅನುವಾದ ಸೇರಿ ನೂರು ದಾಟಿದರೂ ವರ್ಗ ಎರಡೇ. ಪಿಎಚ್‌ಡಿ ಮಾರ್ಗದರ್ಶನವೋ, ಇ-ಪಠ್ಯವೋ, ಆಹ್ವಾನಿತ ಉಪನ್ಯಾಸವೋ ಮೂರನೆಯದಾಗಿ ಬೇಕು. ಆಹ್ವಾನಿತ ಉಪನ್ಯಾಸ ಮತ್ತು ನೀತಿ ದಾಖಲೆಯ ಅಂಕಗಳಿಗೆ ಒಟ್ಟು ಅಂಕದ ಶೇ 30ರ ಮಿತಿ ಇದೆ.

ಲೇಖನಗಳ ವಿಷಯದಲ್ಲಿ ಈಗ ಹೊಸ ಎಚ್ಚರ ಬೇಕು. ಒಪ್ಪಿತ ಸಂಶೋಧನಾ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿಯನ್ನು ನಿಲ್ಲಿಸಿರುವುದಾಗಿ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದರು. ಪಟ್ಟಿ ಇದ್ದಾಗ ಪ್ರಕಟವಾದವಕ್ಕೆ ಆ ಕಾಲದ ಪಟ್ಟಿಯ ಪುಟವನ್ನು ದಿನಾಂಕ ಸಹಿತ ಮುದ್ರಿಸಿ ಇಟ್ಟಿದ್ದರೆ ಸರಿ. ಆಮೇಲಿನವಕ್ಕೆ ತಜ್ಞರ ವಿಮರ್ಶೆ ನಡೆದಿದೆ ಎಂಬುದಕ್ಕೆ ಪುರಾವೆ ನಾವೇ ಕೊಡಬೇಕು: ವಿಮರ್ಶಕರ ಟಿಪ್ಪಣಿ ಬಂದ ಮಿಂಚಂಚೆ, ತಿದ್ದಿ ಕಳಿಸಿದ ಪ್ರತಿ, ಸ್ವೀಕೃತಿ ಪತ್ರ, ಸಂಪಾದಕ ಮಂಡಳಿಯ ಪುಟ. ಕನ್ನಡದ ಹಲವು ಒಳ್ಳೆಯ ಪತ್ರಿಕೆಗಳಲ್ಲಿ ವಿಮರ್ಶೆ ಫೋನಿನಲ್ಲೇ ಮುಗಿದುಹೋಗುತ್ತದೆ. ಎರಡು ಸಾಲು ಬರೆದು ಕಳಿಸಿ ಎಂದು ಸಂಪಾದಕರನ್ನು ಕೇಳಲು ಸಂಕೋಚ ಪಡಬಾರದು.

2025ರ ಜನವರಿ 6ರಂದು ಹೊರಬಂದ ಯುಜಿಸಿಯ ಕರಡು ನಿಯಮಾವಳಿಯ ಸುತ್ತ ನಡೆದ ಚರ್ಚೆ ಬಹುಪಾಲು ಕುಲಪತಿ ನೇಮಕಾತಿಯ ಮೇಲೆ ಆಯಿತು. ಫೆಬ್ರುವರಿ 5ರಂದು ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿ ವಿರೋಧಿಸಿದ್ದೂ ಮುಖ್ಯವಾಗಿ ಅದನ್ನೇ. ಅಧ್ಯಾಪಕರ ಕಡತಕ್ಕೆ ಸಂಬಂಧಿಸಿದ್ದು ಬೇರೆ ಕಡೆ ಇತ್ತು. ಸಂಶೋಧನಾ ಅಂಕದ ಬದಲು ಒಂಬತ್ತು ‘ಗಮನಾರ್ಹ ಕೊಡುಗೆ’ಗಳು, ಅವುಗಳಲ್ಲಿ ನಾಲ್ಕು ಇರಬೇಕು. ಭಾರತೀಯ ಭಾಷೆಗಳಲ್ಲಿ ಬೋಧನೆ, ಸಮುದಾಯ ಸೇವೆ, ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಮಾರ್ಗದರ್ಶನ, ಇ-ಪಠ್ಯ ಇವೆಲ್ಲ ಅದರಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವವರಿಗೆ ಇದು ಕೇಳಲು ಚೆನ್ನ. ಆದರೆ ಎಷ್ಟು ಮಾಡಿದರೆ ‘ಗಮನಾರ್ಹ’ ಎಂಬ ಅಳತೆ ಸಮಿತಿಯ ಕೈಯಲ್ಲಿ ಉಳಿಯುತ್ತದೆ, ನನ್ನ ಆಕ್ಷೇಪ ಅಲ್ಲಿ. ಅಂಕದ ಪದ್ಧತಿ ಒಣಕಲಾಗಿದ್ದರೂ ಊರಿನ ಪ್ರಭಾವ ಇಲ್ಲದವರಿಗೆ ಅದೊಂದು ರಕ್ಷಣೆ. ಏನೇ ಬಂದರೂ ಇರಲಿ ಎಂದು ಕನ್ನಡದಲ್ಲಿ ತಯಾರಿಸಿದ ನೋಟ್ಸ್, ಪಠ್ಯಪುಸ್ತಕ, ಎನ್ಎಸ್ಎಸ್ ಶಿಬಿರದ ವರದಿಗಳಿಗೂ ದಿನಾಂಕ, ಮೊಹರು ಹಾಕಿಸಿ ಪ್ರತ್ಯೇಕ ಫೈಲಿನಲ್ಲಿ ಇಡುತ್ತಿದ್ದೇನೆ.

ಹೆಚ್ಚು ಚರ್ಚೆ ಆಗಬೇಕಿದ್ದು ಹಿಂದಿನ ಸೇವೆಯ ನಿಯಮ. ತಾತ್ಕಾಲಿಕ, ಗುತ್ತಿಗೆ ಸೇವೆ ಎಣಿಕೆಗೆ ಬರಬೇಕಾದರೆ ನಿಗದಿತ ವಿದ್ಯಾರ್ಹತೆ, ಕ್ರಮಬದ್ಧ ಆಯ್ಕೆ ಸಮಿತಿಯ ಶಿಫಾರಸು ಇರಬೇಕು, ಮತ್ತು ಆಗ ಪಡೆದ ಒಟ್ಟು ವೇತನ ಕಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ವೇತನಕ್ಕಿಂತ ಕಡಿಮೆ ಇರಬಾರದು. ರಾಜ್ಯದಲ್ಲಿ 2022ರ ಪರಿಷ್ಕರಣೆಯ ನಂತರವೂ ಅತಿಥಿ ಉಪನ್ಯಾಸಕರ ಗೌರವಧನ ತಿಂಗಳಿಗೆ 26,000ದಿಂದ 32,000ದ ನಡುವೆ ಇತ್ತು. ಅದಕ್ಕೂ ಹಿಂದೆ ಇನ್ನೂ ಕಡಿಮೆ. ಮೂರು ಜಿಲ್ಲೆಗಳಲ್ಲೂ ಹತ್ತಾರು ವರ್ಷ ಅತಿಥಿಯಾಗಿ ದುಡಿದು ಕಾಯಂ ಆದವರ ಆ ವರ್ಷಗಳು ಮೂರನೆಯ ಷರತ್ತಿನಲ್ಲೇ ಕೊಚ್ಚಿಹೋಗುತ್ತವೆ. ಕಾಲೇಜು ಸಂಘಗಳು ಇಂಥ ಕರಡುಗಳಿಗೆ ಅಭಿಪ್ರಾಯ ಬರೆಯುವಾಗ ‘ವಿರೋಧಿಸುತ್ತೇವೆ’ ಎಂಬ ನಿರ್ಣಯಕ್ಕಿಂತ ಖಂಡಿಕೆಯ ಸಂಖ್ಯೆ, ಈಗಿನ ಪಾಠ, ಬೇಕಾದ ಪಾಠ, ಕಾರಣ ಎಂದು ನಾಲ್ಕು ಕಾಲಂ ಮಾಡಿ ಕಳಿಸಿದರೆ ಓದುವವರಿಗೂ ಹಿಡಿತ ಸಿಗುತ್ತದೆ.

ಅರ್ಜಿಯನ್ನು ಅರ್ಹತಾ ದಿನಾಂಕಕ್ಕೆ ಮೂರು ತಿಂಗಳು ಮುಂಚಿನಿಂದಲೇ ಕೊಡಬಹುದು. ನಾನು ಮೂಲ, ಎರಡು ಪ್ರತಿ, ಒಂದು ಸ್ಕ್ಯಾನ್ ಮಾಡುತ್ತೇನೆ. ಪುಟಸಂಖ್ಯೆ ಕೈಯಲ್ಲೇ ಬರೆದು ಮುಂದೆ ಅನುಕ್ರಮಣಿಕೆ ಹಾಕುತ್ತೇನೆ. ಪ್ರಾಂಶುಪಾಲರ ಕಚೇರಿಯ ಆವಕ ಸಂಖ್ಯೆ, ದಿನಾಂಕ ನನ್ನ ಪ್ರತಿಯ ಮೇಲೆ ಬೀಳಬೇಕು. ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿ ಕಲಬುರಗಿಯಲ್ಲೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಎಂಬುದನ್ನು ಯಾದಗಿರಿ, ಬೀದರಿನಿಂದ ಬರುವವರು ನೆನಪಿಡಬೇಕು. ಎಲ್ಲ ಷರತ್ತು ಪೂರೈಸಿದ ದಿನದಿಂದಲೇ ಬಡ್ತಿ ಜಾರಿಗೆ ಬರುತ್ತದೆ, ಸಮಿತಿ ತಡವಾಗಿ ಸೇರಿದರೂ ಸರಿ. ಸಮಿತಿ ತಿರಸ್ಕರಿಸಿದರೆ ಒಂದು ವರ್ಷ ಕಳೆದೇ ಮರುಮೌಲ್ಯಾಂಕನ, ಮತ್ತು ಆಗ ಗೆದ್ದರೆ ಬಡ್ತಿ ತಿರಸ್ಕಾರದ ದಿನದಿಂದ ಒಂದು ವರ್ಷಕ್ಕೆ. ಹಾಗಾಗಿ ‘ಕಡತ ವಾಪಸ್ ಬಂದಿದೆ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಒಪ್ಪಬೇಡಿ. ಅದು ಆಕ್ಷೇಪಣೆಯೋ ತಿರಸ್ಕಾರವೋ ಎಂಬುದನ್ನು ದಿನಾಂಕ ಸಹಿತ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಆಕ್ಷೇಪಣೆಯಾದರೆ ಕೊರತೆಯ ಕಾಗದ ಸೇರಿಸಿ ಅದೇ ಕಡತವನ್ನು ಮತ್ತೆ ಕಳಿಸಬಹುದು.