ಬ್ಯಾಸಗ್ಯಾಗ ಖೋವಾ, ಪನೀರ್ ಪಾರ್ಸಲ್ ಕೆಡದಂಗ ಕಳಿಸೋದು ಹೆಂಗ್ರಿ?

ಏಪ್ರಿಲ್, ಮೇದಾಗ ಕಲಬುರಗಿ ಬಿಸಿಲು 42 ಡಿಗ್ರಿ ದಾಟೋದು ನಮಗೇನ್ ಹೊಸಾದಲ್ಲ, ಆದ್ರ ಸರಿಯಾಗಿ ಅದೇ ಟೈಮಿಗೇ ಬೆಂಗಳೂರಾಗಿರೋ ಮಗಳಿಗೆ ಮಾಲ್ಪುರಿ ನೆನಪಾಗ್ತದ, ಹೈದರಾಬಾದಿನ ಬೀಗರಿಗೆ ಎಮ್ಮಿ ಹಾಲಿನ ಖೋವಾನೇ ಬೇಕಾಗ್ತದ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಆದ್ರ ಪೇಪರಿನ್ಯಾಗ ಸುತ್ತಿ ಚೀಲಕ್ಕ ಹಾಕಿದ್ರೂ ನಡೀತದ, ಅವಕ್ಕ ಇಷ್ಟೆಲ್ಲಾ ತಲಿಬ್ಯಾನಿ ಇಲ್ಲ. ಇಲ್ಲಿ ಹೇಳೋದು ಖೋವಾ, ಪನೀರ್, ಶ್ರೀಖಂಡ, ಮಾಲ್ಪುರಿ, ಮೀನು, ಮಟನ್ ಇಂಥಾ ಥಣ್ಣಗಿದ್ರಷ್ಟೇ ಬಾಳೋ ಮಾಲಿನ ಸುದ್ದಿ.

ಎಲ್ಲಾರೂ ಮೊದ್ಲು ಕೇಳೋದು ಊರು ಎಷ್ಟು ದೂರ ಅಂತ. ದೂರ ಬಿಟ್ಟಾಕ್ರಿ. ನಿಮ್ಮ ಫ್ರಿಜ್ಜಿನಿಂದ ಹೊರಗ ಬಂದ ಡಬ್ಬಿ ಅವರ ಫ್ರಿಜ್ಜಿಗೆ ಹೋಗೋತನ ಒಟ್ಟು ಎಷ್ಟು ತಾಸು, ಅದ್ರಾಗ ಬಿಸಿಲಾಗ ನಿಂದ್ರೋದು ಎಷ್ಟು ತಾಸು, ಇವೆರಡೇ ಲೆಕ್ಕ. ಬೀದರಿಂದ ಹೈದರಾಬಾದ್ 140 ಕಿಲೋಮೀಟರ್ ಆಸುಪಾಸು, ಬಸ್ಸಿಗೆ ಮೂರು ನಾಲ್ಕು ತಾಸಿನ ದಾರಿ, ಆದ್ರ ಮುಂಜಾನಿ ಬುಕ್ ಮಾಡಿದ ಡಬ್ಬಿ ತಗಡಿನ ಶೀಟಿನ ಕೆಳಗ ಸಂಜಿತನ ಕುಂತು ರಾತ್ರಿ ಬಸ್ ಹತ್ತಿದ್ರ ಅದು ಬೆಂಗಳೂರಿಗೆ ಹೋದ ಪಾರ್ಸಲಿಗಿಂತ ಹೆಚ್ಚು ಕೆಡ್ತದ. ಹಂಗಾಗಿ ಪ್ಯಾಕಿಂಗ್ ಮಾಡೋವಾಗ ರಸ್ತೆ ಲೆಕ್ಕ ಹಾಕಬ್ಯಾಡ್ರಿ, ಗೋದಾಮಿನ ಲೆಕ್ಕ ಹಾಕ್ರಿ.

ಕೆಲಸ ಶುರು ಆಗೋದು ಹಿಂದಿನ ದಿನ, ಮಾಲು ಥಣ್ಣಗ ಮಾಡೋದ್ರಿಂದ. ಇದನ್ನ ಭಾಳ ಮಂದಿ ಬಿಟ್ಟುಬಿಡ್ತಾರ, ಒಲಿ ಮ್ಯಾಲಿಂದ ಇಳಿಸಿದ ಖೋವಾ ಜರಾ ಆರಿದ ಕೂಡಲೇ ಡಬ್ಬಿಗೆ ತುಂಬಿ ಬರ್ಫ್ ಇಟ್ರ ಮುಗೀತು ಅನ್ಕೋತಾರ. ಬರ್ಫ್ ಇಡೋದು ಮಾಲು ಥಣ್ಣಗ ಮಾಡ್ಲಿಕ್ಕ ಅಲ್ರಿ, ಥಣ್ಣಗ ಇದ್ದದ್ದನ್ನ ಹಂಗೇ ಹಿಡೀಲಿಕ್ಕ. ಒಂದು ಕೆಜಿ ಬರ್ಫ್ ಕರಗೋವಾಗ 334 ಕಿಲೋಜೂಲ್ ಶಾಖ ನುಂಗ್ತದ, 30 ಡಿಗ್ರಿ ಇರೋ ಒಂದು ಲೀಟರ್ ಹಾಲನ್ನ 4 ಡಿಗ್ರಿಗೆ ಇಳಿಸ್ಲಿಕ್ಕೇ ಅದ್ರಾಗ ಸುಮಾರು 300 ಗ್ರಾಂ ಖರ್ಚಾಗ್ತದ, ಅಂದ್ರ ಬಸ್ಸು ಸ್ಟ್ಯಾಂಡ್ ಬಿಡೋಕ್ಕಿಂತ ಮೊದ್ಲೇ ನಿಮ್ಮ ಬರ್ಫಿನ್ಯಾಗ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಹೋತು. ಅದಕ್ಕ ಖೋವಾನ ಬಾಕ್ಸಿನ್ಯಾಗ ಗಟ್ಟಿ ಉಂಡಿ ಮಾಡಿ ಇಡಬ್ಯಾಡ್ರಿ, ಒಂದು ಇಂಚು ದಪ್ಪ ಚಪ್ಪಟಿ ಮಾಡಿ ಜಿಪ್ ಕವರಿಗೆ ಹಾಕಿ ಗಾಳಿ ತೆಗದು ಫ್ರೀಜರಿನ್ಯಾಗ ಒಂದು ರಾತ್ರಿ ಪೂರ್ತಿ ಬಿಡ್ರಿ, ಕಲ್ಲಿನಂಗ ಆದ ಖೋವಾ ತಾನೇ ಬರ್ಫಿನ ಕೆಲಸನೂ ಮಾಡ್ತದ. ಮೀನು, ಮಟನ್ನಿಗೂ ಇದೇ ದಾರಿ, ನೀರು ಪೂರ್ತಿ ಸೋಸಿ ಎರಡೆರಡು ಕವರ್ ಹಾಕ್ರಿ. ಪನೀರ್ ಮಾತ್ರ ಫ್ರೀಜರಿಗೆ ಹಾಕಿದ್ರ ಆಮೇಲೆ ಪುಡಿಪುಡಿ ಆಗ್ತದ, ಅದಕ್ಕ ಬರೇ ಫ್ರಿಜ್ ಸಾಕು. ಮಾಲ್ಪುರಿನೂ ಫ್ರಿಜ್ಜಿನ್ಯಾಗೇ ಇಟ್ಟು ಥಣ್ಣಗ ಮಾಡ್ರಿ, ಪದರದ ನಡುವ ಬಟರ್ ಪೇಪರ್ ಹಾಕಿದ್ರ ಅಂಟೂದಿಲ್ಲ.

ಇನ್ನ ಬರ್ಫ್. ಆನ್‌ಲೈನಿನ್ಯಾಗ ಜೆಲ್ ಪ್ಯಾಕ್ ಅಂತ ರೊಕ್ಕ ಕೊಟ್ಟು ತರಿಸ್ತಾರ, ಇದ್ರ ಛಲೋನೇ, ಸೋರೂದಿಲ್ಲ, ಆದ್ರ ಒಳಗಿರೋದು ಹೆಚ್ಚುಕಮ್ಮಿ ನೀರೇ, ಥಂಡಿ ಹಿಡಿಯೋದ್ರಾಗ ನೀರಿನ ಬರ್ಫಿಗಿಂತ ದೊಡ್ಡ ಫರಕ್ ಏನಿಲ್ಲ. ಖಾಲಿ ನೀರಿನ ಬಾಟ್ಲಿನೇ ಸಾಕು ಅನ್ನೋದು ನನ್ನ ಮಾತು. ನೀರು ಬರ್ಫ್ ಆಗೋವಾಗ ಸುಮಾರು 9 ಪರ್ಸೆಂಟ್ ಉಬ್ಬತದ, ಅದಕ್ಕ ಕುತಗಿತನ ತುಂಬಬ್ಯಾಡ್ರಿ, ಎರಡು ಮೂರು ಬೆರಳು ಜಾಗ ಬಿಟ್ಟು ಮುಚ್ಚಳ ಬಿಗಿ ಮಾಡಿ 24 ತಾಸು ಫ್ರೀಜರಿನ್ಯಾಗಿಡ್ರಿ, ಹೊರಗ ತೆಗದ ಮ್ಯಾಲ ಬಟ್ಟಿಲೇ ಒರಸ್ರಿ. ಯಾರೋ ಉಪ್ಪು ಹಾಕಿದ್ರ ಇನ್ನೂ ಥಂಡಿ ಅಂತ ಹೇಳ್ತಾರ ಅಂತ ಮುಷ್ಟಿಗಟ್ಟಲೆ ಸುರೀಬ್ಯಾಡ್ರಿ, ಉಪ್ಪು 23 ಪರ್ಸೆಂಟ್ ಆದ್ರ ಆ ನೀರು ಗಟ್ಟಿ ಆಗೋದೇ ಮೈನಸ್ 21ಕ್ಕ, ಮನಿ ಫ್ರೀಜರ್ ಇಳಿಯೋದು ಮೈನಸ್ 18ರ ಸುತ್ತಮುತ್ತ, ಅಂದ್ರ ನಿಮ್ಮ ಬಾಟ್ಲಿ ರಾತ್ರಿಪೂರ್ತಿ ಬರೇ ಥಂಡಿ ಉಪ್ಪುನೀರಾಗೇ ಉಳೀತದ. ಡ್ರೈ ಐಸ್, ಅಂದ್ರ ಗಟ್ಟಿ ಮಾಡಿದ ಇಂಗಾಲದ ಡೈಆಕ್ಸೈಡ್, ಮೈನಸ್ 78 ಡಿಗ್ರಿ, ಬರಿಗೈಲೆ ಮುಟ್ಟಿದ್ರ ಚರ್ಮ ಸುಡ್ತದ, ಗಾಳಿ ಆಡದ ಡಬ್ಬಿನ್ಯಾಗ ಬಿಗಿಯಾಗಿ ಮುಚ್ಚಿದ್ರ ಅನಿಲ ತುಂಬಿ ಒಡೀತದ, ಮನಿ ಪಾರ್ಸಲಿಗೆ ಅದರ ಜರೂರತ್ ಇಲ್ಲ.

ಎಷ್ಟು ಬರ್ಫ್ ಬೇಕು ಅನ್ನೋದು ಥರ್ಮಾಕೋಲ್ ಡಬ್ಬಿ ಗೋಡಿ ಎಷ್ಟು ದಪ್ಪ ಅದ ಅನ್ನೋದ್ರ ಮ್ಯಾಲ. ಹೊರಗಿನ ಅಳತಿ 30 ಸೆಂಟಿಮೀಟರ್ ಇರೋ ಚೌಕ ಡಬ್ಬಿ, ಗೋಡಿ ಒಂದು ಇಂಚು, ಹೊರಗ ಸರಾಸರಿ 32 ಡಿಗ್ರಿ ಅಂತ ಹಿಡೀರಿ, 12 ತಾಸಿಗೆ ಸುಮಾರು ಎರಡೂವರೆ ಕೆಜಿ ಬರ್ಫ್ ಕರಗ್ತದ. ಅದೇ ಅಳತಿ ಡಬ್ಬಿಗೆ ಗೋಡಿ ಎರಡು ಇಂಚು ಇದ್ರ ಒಂದು ಕೆಜಿ ಚಿಲ್ರಿ ಸಾಕಾಗ್ತದ, ಆದ್ರ ಒಳಗಿನ ಜಾಗ ಅರ್ಧ ಹೋಗ್ತದ. ಇದು ಡಬ್ಬಿ ಬಿಗಿಯಾಗಿ ಮುಚ್ಚಿದಾಗಿನ ಲೆಕ್ಕ, ಬಸ್ ಲೇಟ್ ಆಗ್ತದ, ಮುಚ್ಚಳ ಸಡಲ್ತದ, ಹಂಗಾಗಿ ಲೆಕ್ಕಕ್ಕಿಂತ ಅರ್ಧ ಹೆಚ್ಚು ಇಡ್ರಿ. ಔಷಧ ಅಂಗಡಿಯವರ ಹತ್ರ ದಪ್ಪ ಗೋಡಿ ಡಬ್ಬಿ ಖಾಲಿ ಬಿದ್ದಿರ್ತಾವ, ಕೇಳಿ ನೋಡ್ರಿ, ಹಣ್ಣಿನ ಪೆಟಗಿ ತೆಳ್ಳನ್ನ ಥರ್ಮಾಕೋಲ್ ಉಪಯೋಗ ಇಲ್ಲ.

ತುಂಬೋದು ಹಿಂಗ. ತಳಕ್ಕ ಒಂದು ಬಾಟ್ಲಿ ಸಾಲು, ಅದರ ಮ್ಯಾಲ ಮಾಲು, ಸುತ್ತ ಬಾಟ್ಲಿ, ಎಲ್ಲಾದಕ್ಕಿಂತ ಮ್ಯಾಲ ಮತ್ತ ಬಾಟ್ಲಿ. ಮ್ಯಾಲಿಂದು ಬಿಡಬ್ಯಾಡ್ರಿ, ಥಂಡಿ ಗಾಳಿ ಕೆಳಗ ಇಳೀತದ, ಬರೇ ತಳದಾಗ ಬರ್ಫ್ ಇಟ್ರ ಮುಚ್ಚಳದ ಹತ್ರದ ಪದರ ಬೆಚ್ಚಗಾಗೇ ಉಳೀತದ. ಪನೀರ್ ಬರ್ಫಿಗೆ ನೇರ ಹತ್ತದಂಗ ನಡುವ ಎರಡು ಮಡಿಕಿ ಪೇಪರ್ ಹಾಕ್ರಿ. ಉಳಿದ ಸಂದಿನ್ಯಾಗೆಲ್ಲಾ ಹಳೇ ಪೇಪರ್ ಮುದ್ದಿ ಮಾಡಿ ತುರುಕ್ರಿ, ಖಾಲಿ ಜಾಗದಾಗ ಗಾಳಿ ಸುತ್ತಾಡ್ತದ, ಬರ್ಫ್ ಲಗೂ ಕರಗ್ತದ, ಅಲ್ದ ಸಾಮಾನು ಅಲುಗಾಡಿ ಒಡೀತದ. ಆಮೇಲೆ ಮುಚ್ಚಳದ ನಾಲ್ಕೂ ಕಡಿ ಬಿರುಕು ಬಿಡದಂಗ ಅಗಲ ಟೇಪ್ ಹಚ್ಚ್ರಿ, ಇಡೀ ಡಬ್ಬಿ ರಟ್ಟಿನ ಬಾಕ್ಸಿಗೆ ಇಳಿಸ್ರಿ. ಮ್ಯಾಲ ದೊಡ್ಡ ಅಕ್ಷರದಾಗ "ಈ ಕಡಿ ಮ್ಯಾಲ", "ಬಿಸಿಲಿಗೆ ಇಡಬ್ಯಾಡ್ರಿ", ಇಬ್ಬರ ಫೋನ್ ನಂಬರ್, ಕಳಿಸಿದ ತಾಸು ಬರೀರಿ, ಬರೀದೇ ಇದ್ರ ಡಬ್ಬಿ ತಲಿ ಕೆಳಗ ಮಾಡಿ ಇಡೋದು ಗ್ಯಾರಂಟಿ.

ಇನ್ಸುಲಿನ್ ಕಳಿಸೋರು ಜರಾ ನಿಂದ್ರಿ, ಅದಕ್ಕ ಈ ಫಾರ್ಮುಲಾ ನಡಿಯೂದಿಲ್ಲ. ಅದು 2ರಿಂದ 8 ಡಿಗ್ರಿ ಒಳಗ ಇರಬೇಕು, ಒಮ್ಮೆ ಬರ್ಫ್ ಕಟ್ಟಿದ್ರ ಕರಗಿಸಿ ಬಳಸಂಗಿಲ್ಲ, ಹೊರಗಿಂದ ನೋಡಿದ್ರ ಗೊತ್ತೂ ಆಗೂದಿಲ್ಲ. ಫ್ರೀಜರಿಂದ ತೆಗದ ಬಾಟ್ಲಿನ ಹೊರಗಿಟ್ಟು ಮೈ ಬೆವತು ಒಳಗ ಜರಾ ನೀರು ಅಲುಗಾಡೋತನ ಕಾಯ್ರಿ, ಆಮೇಲೆ ಇನ್ಸುಲಿನ್ ದಪ್ಪ ಟವಲಿನ್ಯಾಗ ಸುತ್ತಿ ಬರ್ಫ್ ಮುಟ್ಟದಂಗ ಇಡ್ರಿ.

ಗಾಡಿ ವಿಷಯಕ್ಕ ಬಂದ್ರ, ರಾತ್ರಿ ಹೋಗೋದೇ ಬರಾಬರಿ, ಬಸ್ ಬಿಡೋ ಟೈಮಿಗೆ ಒಂದು ತಾಸು ಮುಂಚೆ ಡಬ್ಬಿ ಕೊಡ್ರಿ, ಮಧ್ಯಾಹ್ನ ಕೊಟ್ಟು ಬರಬ್ಯಾಡ್ರಿ. ಬಸ್ಸಿನ ಡಿಕ್ಕಿಯಾಗ ಎಂಜಿನ್ ಕಡಿ ಇಡಬ್ಯಾಡ ಅಂತ ಹೇಳ್ರಿ. ಯಾರಾದ್ರೂ ಬೆಂಗಳೂರಿಗೆ ಹೊಂಟವರಿದ್ರ ಅದಕ್ಕಿಂತ ಛಲೋ ಇಲ್ಲ, 2024ರ ಮಾರ್ಚಿನ್ಯಾಗ ಶುರುವಾದ ಕಲಬುರಗಿ ವಂದೇ ಭಾರತ್ ನಸುಕಿನ್ಯಾಗ ಬಿಟ್ಟು ಮಧ್ಯಾಹ್ನ ಮುಟ್ಟತದ, ಎಸಿ ಬೋಗಿನೇ ಇರೋದ್ರಿಂದ ಬರ್ಫಿನ ಖರ್ಚೂ ಕಮ್ಮಿ. ಯಾದಗಿರಿಯವರು ರಾತ್ರಿ ಟ್ರೇನ್ ನೋಡ್ಕೋರಿ, ಆದ್ರ ಪ್ಲಾಟ್‌ಫಾರ್ಮಿನ್ಯಾಗ ಡಬ್ಬಿ ಇಟ್ಟು ಚಾ ಕುಡೀಲಿಕ್ಕ ಹೋಗೋ ಹುಡುಗರ ಕೈಗೆ ಕೊಡಬ್ಯಾಡ್ರಿ. ಶನಿವಾರ ರಾತ್ರಿ ಕಳಿಸಿದ್ರ ಭಾನುವಾರ ಪಾರ್ಸಲ್ ಆಫೀಸು ಬಂದ್ ಇರಬಹುದು, ಮೊದ್ಲು ಕೇಳಿಕೊಳ್ರಿ.

ತಗೋಳೋರಿಗೂ ಒಂದೆರಡು ಮಾತು ಹೇಳಿಟ್ಟಿರ್ರಿ. ಡಬ್ಬಿ ಮನಿಗೆ ಬಂದ ಕೂಡಲೇ ಬಿಚ್ಚಬೇಕು, ಬಾಟ್ಲಿನ್ಯಾಗ ಇನ್ನೂ ಬರ್ಫಿನ ತುಂಡು ಉಳಿದಿದ್ದು ಮಾಲು ಮುಟ್ಟಿದ್ರ ಫ್ರಿಜ್ಜಿನಷ್ಟೇ ಥಣ್ಣಗ ಅನಿಸಿದ್ರ ಸೀದಾ ಫ್ರಿಜ್ಜಿಗೆ ಹಾಕ್ಬೇಕು. ಬಾಟ್ಲಿ ಪೂರ್ತಿ ನೀರಾಗಿ ಪನೀರ್, ಮೀನು ಬೆಚ್ಚಗಾಗಿದ್ರ ವಾಸನಿ ನೋಡಿ ತೀರ್ಮಾನ ಮಾಡಬ್ಯಾಡ್ರಿ, ಹೊಟ್ಟಿ ಕೆಡಿಸೋ ಕ್ರಿಮಿ ಎಲ್ಲಾದಕ್ಕೂ ವಾಸನಿ ಬರೂದಿಲ್ಲ. ಎಷ್ಟೊತ್ತು ಬೆಚ್ಚಗಿತ್ತು ಅನ್ನೋದು ಗೊತ್ತಿಲ್ಲಂದ್ರ ಒಗೀಬೇಕು, ಗೊತ್ತಿದ್ರ ಎರಡು ತಾಸು ಮಿತಿ, 32 ಡಿಗ್ರಿ ಮ್ಯಾಲಿದ್ರ ಒಂದೇ ತಾಸು. ಡಬ್ಬಿ ಸೋಪು ಹಾಕಿ ತೊಳದು ನೆಳ್ಳಿಗೆ ಒಣಗಿಸಿ ವಾಪಸ್ ಕಳಿಸ್ಲಿ, ಮೂಲಿ ಒಡದದ್ದು, ಮುಚ್ಚಳ ಸೊಟ್ಟ ಆಗಿದ್ದು ಇದ್ರ ಮುಂದಿನ ಸಲ ಅದ್ರಾಗ ತುಂಬಬ್ಯಾಡ್ರಿ.